ಮೆತ್ತಗೆ ಮೇಷ್ಟ್ರ ಕೊನೆಯ ಕುದುರೆ

ಔಷಧಿ ಅಂಗಡಿಯ ಮುಂದೆ ಕುದುರೆ ಮತ್ತೆ ನಿಂತುಬಿಟ್ಟಿತು. ಲಗಾಮು ಹಿಡಿದಿದ್ದ ಮಗಳು ಒಂದು ಹೆಜ್ಜೆ ಮುಂದೆ ಹೋದವಳು, ಅದು ಬಾರದ್ದನ್ನು ಕಂಡು, ತಿರುಗಿ ಬಂದು ಅದರ ಭುಜದ ಪಕ್ಕ ನಿಂತಳು. ಅಪ್ಪನ ದೇಹ ಹೊತ್ತ ವ್ಯಾನು ಅಷ್ಟು ದೂರ ಸಾಗಿ, ಇವರು ಬರಲಿಲ್ಲವೆಂದು ತಿಳಿದು, ಹಿಂದಿನ ಕೆಂಪು ದೀಪ ಬೆಳಗಿಸಿಕೊಂಡು ಕಾಯತೊಡಗಿತು. ನಡೆದು ಬರುತ್ತಿದ್ದವರೆಲ್ಲ ಒಬ್ಬರ ಬೆನ್ನಿಗೊಬ್ಬರು ತಗಲುವಂತೆ ನಿಂತರು.

"ಪಾಪ, ಮೂಕಪ್ರಾಣಿ. ಯಜಮಾನ ಹೋದ ಅಂತ ಅದಕ್ಕೂ ಗೊತ್ತಾಗಿದೆ," ಎಂದು ಸೋದರತ್ತೆ ಕಣ್ಣೊತ್ತಿಕೊಂಡಳು. ಒತ್ತಿಕೊಂಡದ್ದೂ ಸದ್ದಿಲ್ಲದೆ. ಹೊರಡುವಾಗಲೇ ಎಲ್ಲರಿಗೂ ತಾಕೀತಾಗಿತ್ತು: ಯಾರೂ ಗಟ್ಟಿಯಾಗಿ ಅಳಕೂಡದು, ಕುದುರೆ ಬೆದರೀತು. ಹಾಗಾಗಿ ಜನ ತುಟಿ ಕಚ್ಚಿಕೊಂಡು, ಮೂಗು ಹಿಂಡಿಕೊಂಡು, ಪರೀಕ್ಷೆಗೆ ಕೂತವರ ಹಾಗೆ ಉಸಿರು ಬಿಗಿಹಿಡಿದು ನಡೆಯುತ್ತಿದ್ದರು. ತಾಕೀತು ಮಾಡಿದವಳು ಮಗಳೇ. ಆಸ್ಪತ್ರೆಯಿಂದ ಈವರೆಗೆ ಅವಳ ಕಣ್ಣಿಂದ ಒಂದು ಹನಿ ಬಿದ್ದಿರಲಿಲ್ಲ.

ಸವಾರಿ ಶಾಲೆಯ ಮಾಲೀಕ ಬೆವರೊರೆಸಿಕೊಳ್ಳುತ್ತಾ ಮುಂದೆ ಬಂದ. ಅವನ ಕೈಯಲ್ಲಿ ಕುದುರೆಯ ಮೂಗಿನ ಮೇಲೆ ಹಾಕಿ ಎಳೆಯುವ ಸರಪಣಿಯಿತ್ತು. ಬೆಳಿಗ್ಗೆಯೇ ಅವನು ಮಾತು ಮುಗಿಸಿದ್ದ. ಅಲ್ಲಿ ಸವಾರಿ ಕಲಿಸುತ್ತಿದ್ದ ಅವಳಪ್ಪ ಮೇಷ್ಟ್ರನ್ನು ಬಿಟ್ಟು ಬೇರೆ ಯಾರನ್ನೂ ಹತ್ತಿರ ಸೇರಿಸದ ಕುದುರೆಯನ್ನು ಸುಮ್ಮನೆ ಸಾಕಲಾಗದು, ದಲ್ಲಾಳಿಯ ಲಾರಿ ನಾಳೆ ಬರುತ್ತದೆ ಎಂದಿದ್ದ. ಆ ಲಾರಿ ಹತ್ತಿದ ಕುದುರೆಗಳು ಕಸಾಯಿಖಾನೆಯಲ್ಲೇ ಇಳಿಯುವುದು ಎಂಬುದು ಲಾಯದಲ್ಲಿ ಎಲ್ಲರಿಗೂ ಗೊತ್ತು. ಮಗಳು ಪಟ್ಟು ಹಿಡಿದಾಗ ಒಂದು ಅವಕಾಶ ಕೊಟ್ಟಿದ್ದ: ಸ್ಮಶಾನದವರೆಗೆ ಇವಳ ಕೈಯಲ್ಲಿ ಸರಿಯಾಗಿ ನಡೆದರೆ ಉಳಿಸಿಕೊಳ್ಳೋಣ.

"ಸರಪಣಿ ಹಾಕ್ಲಾ?" ಎಂದ ಮಾಲೀಕ.

"ಬೇಡ."

ಅವಳು ನಾಲಿಗೆ ಲೊಚಗುಟ್ಟಿದಳು. ಕುದುರೆ ಕಿವಿ ಆಡಿಸಿತು, ಕಾಲು ಕೀಳಲಿಲ್ಲ.

*

ಊರಲ್ಲಿ ಅವರಿಗೆ ಮೆತ್ತಗೆ ಮೇಷ್ಟ್ರು ಎಂದೇ ಹೆಸರು. ಹುಡುಗರು ಲಗಾಮು ಜಗ್ಗಿದರೂ ಮೆತ್ತಗೆ, ಹಿಮ್ಮಡಿಯಿಂದ ಒದ್ದರೂ ಮೆತ್ತಗೆ. ಮನೆಯಲ್ಲಿ ಬಾಗಿಲು ಬಡಿದರೂ ಅದೇ ಮಾತು. ಪ್ರಾಯದಲ್ಲಿ ಒಬ್ಬ ಫ್ರೆಂಚ್ ಮುದುಕಿಯ ಲಾಯದಲ್ಲಿ ಲದ್ದಿ ಬಾಚುತ್ತಾ ಕಲಿತ ವಿದ್ಯೆ ಅವರದು. ಓಟ ಗೆಲ್ಲುವುದಕ್ಕೆ ಬರುವ ವಿದ್ಯೆಯಲ್ಲ. ಸವಾರನ ಕೈ ಕುದುರೆಯನ್ನು ಏನಾದರೂ ಕೇಳುವಾಗ ಅವನ ಕಾಲು ಸುಮ್ಮನಿರಬೇಕು, ಕಾಲು ಕೇಳುವಾಗ ಕೈ ಸುಮ್ಮನಿರಬೇಕು. ಕುದುರೆ ಒಪ್ಪಿತೋ, ಕೇಳುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಇಷ್ಟನ್ನು ಕಲಿಸುವುದಕ್ಕೆ ಅವರಿಗೆ ಒಂದು ಜನ್ಮ ಸಾಲಲಿಲ್ಲ.

ಮಗ ಸೇರಿ ಇಷ್ಟು ಕಾಲವಾಯಿತು, ಕುದುರೆ ಓಡಿಸುವುದಿರಲಿ ಇನ್ನೂ ನಡಿಗೆಯಲ್ಲೇ ಇದ್ದಾನಲ್ಲ ಎಂದು ಒಬ್ಬ ತಂದೆ ಜಗಳಕ್ಕೆ ಬಂದಿದ್ದ. ಕುದುರೆ ಚೆನ್ನಾಗಿ ಕಲಿಯುತ್ತಿದೆ, ನಿಮ್ಮ ಮಗನೂ ಕಲಿಯಬಹುದು ಎಂದು ಮೇಷ್ಟ್ರು ಸಮಾಧಾನ ಹೇಳಿದ್ದರು. ಆತ ಅರ್ಥವಾಗದೆ ಕೈ ಕುಲುಕಿ ಹೋದ.

ಮಕ್ಕಳು ಕುದುರೆಯ ತಡಿಯ ಮೇಲೆ ಕೊರಡಿನ ಹಾಗೆ ಕೂತರೆ ಹಾಡು ಹೇಳಿಸುವರು. ಬಾರದಿದ್ದರೆ ಮಗ್ಗಿಯಾದರೂ ಆಗಲಿ, ಬಾಯಿ ಬಿಗಿದಿರಬಾರದು. ಮಗಳು ಹತ್ತರ ಮಗ್ಗಿ ಕಲಿತದ್ದು ಶಾಲೆಯಲ್ಲಲ್ಲ, ಕುದುರೆಯ ಬೆನ್ನ ಮೇಲೆ. ಮುಂದೆ ಅವಳು ಕಾರ್ಖಾನೆಯಲ್ಲಿ ಕ್ರೇನು ನಡೆಸುವ ಕೆಲಸ ಹಿಡಿದಳು. ಲಾಯಕ್ಕೆ ಬರುವುದು ರಜೆಯ ದಿನ ಮಾತ್ರ ಆಯಿತು.

ಅಂಥ ಒಂದು ರಜೆಯ ದಿನ ಈ ಹೆಣ್ಣುಕುದುರೆ ಬಂದದ್ದು. ಎಡಗಡೆಗೆ ಬಾಗದ ಮೈ, ಎಳೆದುಹಾಕುವ ಎಡ ಹಿಂಗಾಲು. ಕುಂಟು ಎಂದು ಎಲ್ಲರೂ ಕೈಬಿಟ್ಟದ್ದನ್ನು ಮೇಷ್ಟ್ರು ಕೇಳಿ ತರಿಸಿಕೊಂಡಿದ್ದರು. ಕೆಲಸದವರು ಸೊಟ್ಟಿ ಎಂದು ಕರೆದರು. ಮೇಷ್ಟ್ರು ಮಗಳೇ ಎಂದೇ ಕರೆದರು. ಹಾಗೆ ಕೂಗಿದಾಗ ಇಬ್ಬರೂ ತಿರುಗಿ ನೋಡುವರು.

"ಇಲ್ಲಿ ಕೈಯಿಡು," ಎಂದು ಅವರು ಮಗಳ ಅಂಗೈಯನ್ನು ಕುದುರೆಯ ಸೊಂಟದ ಮೇಲೆ ಇರಿಸಿದರು. ಹಲಗೆ ಮುಟ್ಟಿದಂತಿತ್ತು. ತಾವು ತಲೆಯ ಕಡೆಗೆ ಹೋಗಿ, ಕಡಿವಾಣವನ್ನು ಹಿಂದಕ್ಕೆ ಜಗ್ಗದೆ, ಎರಡು ಬೆರಳಲ್ಲಿ ತುಟಿಯ ಮೂಲೆಯತ್ತ ಮೇಲಕ್ಕೆತ್ತಿ ಕಾದರು. ಎಷ್ಟೋ ಹೊತ್ತಿನ ಮೇಲೆ ಕುದುರೆ ಬಾಯಿ ಆಡಿಸಿತು, ಎಂಜಲು ನುಂಗಿತು. ಆ ಕ್ಷಣವೇ ಮಗಳ ಅಂಗೈಯ ಕೆಳಗೆ ಹಲಗೆ ಹೋಗಿ ಮಾಂಸವಾಯಿತು.

"ಅಪ್ಪಾ, ಇಲ್ಲಿ ಸಡಿಲ ಆಯ್ತು."

"ಬೀಗ ಬಾಯಲ್ಲಿದೆ, ಇವರೆಲ್ಲ ಕಾಲು ಹುಡುಕ್ತಿದ್ರು," ಎಂದು ಅವರು ಬೆರಳು ತೆಗೆದರು. ಅವತ್ತಿಗೆ ಪಾಠ ಅಷ್ಟೇ. ಒಳ್ಳೆಯ ಉತ್ತರ ಬಂದ ಮೇಲೆ ಪ್ರಶ್ನೆ ಕೇಳುತ್ತಾ ಕೂರುವುದು ಅವರಿಗೆ ಆಗದು.

ವರ್ಷ ಕಳೆಯುವುದರೊಳಗೆ ಸೊಟ್ಟಿ ಎರಡೂ ಕಡೆಗೆ ಬಾಗಿ ನಡೆಯತೊಡಗಿತು. ಮೇಷ್ಟ್ರು ಕೂತಾಗ ಲಗಾಮು ಬಟ್ಟೆ ಒಣಹಾಕಿದ ಹಗ್ಗದಂತೆ ಜೋತಾಡುತ್ತಿತ್ತು. ಕುದುರೆ ಮಾತ್ರ ತನ್ನ ಮೈ ತಾನೇ ಹೊತ್ತುಕೊಂಡು ಹೋಗುತ್ತಿತ್ತು. ನೋಡುವವರಿಗೆ ಅವರು ಏನೂ ಮಾಡುತ್ತಿಲ್ಲ ಅನ್ನಿಸುವುದು. ಅದನ್ನು ಯಾರಾದರೂ ಬಾಯಿಬಿಟ್ಟು ಹೇಳಿದರೆ ಮೇಷ್ಟ್ರಿಗೆ ಹಬ್ಬ.

*

ಮಾಲೀಕ ಸರಪಣಿಯ ಕೊಂಡಿ ಬಿಚ್ಚಿದ. ವ್ಯಾನು ಕಾಯುತ್ತಿದೆ, ಹಿಂದೆ ಬಸ್ಸು ನಿಂತಿದೆ, ಇನ್ನು ತನ್ನನ್ನು ಬೈದುಕೊಳ್ಳಬಾರದು ಎಂದ. ಮಗಳು ಅವನಿಗೂ ಕುದುರೆಗೂ ನಡುವೆ ಬಂದು ನಿಂತಳು. ಲಗಾಮು ಹಿಡಿದ ಅವಳ ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು.

ಆಗ ಅಮ್ಮ ಹಿಂದಿನಿಂದ ನಿಧಾನವಾಗಿ ನಡೆದು ಬಂದಳು. ಗಂಡ ದಿನವೂ ಲಾಯದ ವಾಸನೆ ಹೊತ್ತು ತಂದು ಊಟಕ್ಕೆ ಕೂರುತ್ತಿದ್ದುದೇ ಅವಳಿಗೂ ಕುದುರೆಗೂ ಇದ್ದ ನಂಟು. ಈಗಲೂ ಒಂದು ಮಾರು ದೂರದಲ್ಲೇ ನಿಂತಳು. ಅವಳು ಕುದುರೆಯನ್ನು ನೋಡಲಿಲ್ಲ. ಮಗಳ ಮುಖ ನೋಡಿದಳು.

"ದವಡೆ ಬಿಡೇ," ಎಂದಳು.

"ಅಮ್ಮಾ, ನಾನು ಅತ್ತರೆ ಇದು ಬೆದರುತ್ತೆ. ನಾಳೆ ಲಾರಿ ಬರುತ್ತೆ."

"ಮೂರು ದಿನದಿಂದ ಹಲ್ಲು ಕಚ್ಚಿಕೊಂಡಿದೀಯ. ನಿನ್ನ ಮೈಯೆಲ್ಲ ನಿಲ್ಲು ನಿಲ್ಲು ಅಂತಿದೆ. ಅದು ನಿಂತಿದೆ. ಅವರು ಕಲಿಸಿದ್ದು ಅದಕ್ಕೆ ಚೆನ್ನಾಗೇ ಬಂದಿದೆ. ಬಿಡು."

ಮಗಳು ಏನೋ ಹೇಳಲು ಬಾಯಿ ತೆರೆದಳು. ತೆರೆದದ್ದೇ ತಡ, ಹಲ್ಲುಗಳ ಹಿಂದೆ ತಡೆದಿಟ್ಟದ್ದೆಲ್ಲ ಒಟ್ಟಿಗೆ ನುಗ್ಗಿತು. ಅಳು ಎಂದರೆ ಅಂತಿಂಥ ಅಳುವಲ್ಲ. ಔಷಧಿ ಅಂಗಡಿಯವನು ಕಟ್ಟುತ್ತಿದ್ದ ಪೊಟ್ಟಣ ಬಿಟ್ಟು ಹೊರಗೆ ಬಂದ. ಜನ ಹಿಂದೆ ಸರಿದರು. ಮಾಲೀಕ ಸರಪಣಿ ಎತ್ತಿಹಿಡಿದ.

ಕುದುರೆ ಒಂದು ಕಿವಿಯನ್ನು ಅವಳ ಕಡೆ ಹೊರಳಿಸಿತು. ತುಟಿ ನೆಕ್ಕಿಕೊಂಡಿತು. ಮೂಗಿನ ಹೊಳ್ಳೆ ನಡುಗುವಂತೆ ಉದ್ದಕ್ಕೆ ಉಸಿರು ಬಿಟ್ಟು, ಕತ್ತು ಕೆಳಗಿಳಿಸಿ, ಆ ಎಡ ಹಿಂಗಾಲನ್ನು ಎತ್ತಿ ಮುಂದಿಟ್ಟಿತು.

ಬಿಕ್ಕಳಿಸುತ್ತಲೇ ಮಗಳು ಜೊತೆಗೆ ಹೆಜ್ಜೆ ಹಾಕಿದಳು. ಹಿಂದೆ ಸೋದರತ್ತೆ ಕಾಯುತ್ತಿದ್ದವಳಂತೆ ದನಿ ತೆಗೆದಳು. ಇನ್ನು ಯಾರಿಗೆ ಯಾರ ಅಂಕೆ? ಮೇಷ್ಟ್ರ ಹಳೆಯ ಶಿಷ್ಯರು, ಲಾಯದ ಕೆಲಸದವರು, ಅಂದು ಜಗಳಕ್ಕೆ ಬಂದಿದ್ದ ಆ ತಂದೆ, ಎಲ್ಲರೂ ರಸ್ತೆಯಲ್ಲೇ ಮನಸಾರೆ ಅತ್ತರು. ಅಷ್ಟು ಗದ್ದಲದ ನಡುವೆ ಕುದುರೆ ಬೆನ್ನು ತೂಗುತ್ತಾ, ಮುಂಗಾಲು ಊರಿದ ಜಾಗವನ್ನು ದಾಟಿ ಹಿಂಗಾಲು ಊರುತ್ತಾ ನಡೆಯಿತು. ಮಗಳ ಕೈಯಲ್ಲಿ ಲಗಾಮು ಇದ್ದೂ ಇಲ್ಲದಂತಿತ್ತು.

ಮಾಲೀಕನಿಗೆ ಸರಿಸಮ ನಡೆಯಲಾಗಲಿಲ್ಲ. ಓಡುತ್ತಾ ಬಂದು, ಸರಪಣಿಯನ್ನು ಕೋಟಿನ ಜೇಬಿಗೆ ತುರುಕಿ, ಏದುಸಿರಲ್ಲೇ ಹೇಳಿದ: "ನೋಡಮ್ಮ, ನಾಳೆ ಬೆಳಿಗ್ಗೆ ಇದಕ್ಕೆ ಹುಲ್ಲು ಹಾಕೋಕೆ ನೀನೇ ಬಂದುಬಿಡು."

ಅವಳು ತಲೆಯಾಡಿಸಿದಳು; ಅಳು ನಿಲ್ಲಿಸಲಿಲ್ಲ.

ಮುಂದೆ ವ್ಯಾನಿನ ಚಾಲಕ, ಕನ್ನಡಿಯಲ್ಲಿ ಕುದುರೆಯ ಮುಖ ದೊಡ್ಡದಾಗುತ್ತಾ ಬರುವುದನ್ನು ಕಂಡು, ಶವಯಾತ್ರೆಯಲ್ಲಿ ಎಂದೂ ಹಾಕದ ಎರಡನೆಯ ಗೇರಿಗೆ ಕೈ ಹಾಕಿದ.