ನನ್ನ ಹೊಟ್ಟೆಯೊಳಗಿನ ನೀಲಿ

ನಾನೊಂದು ಗಾಜಿನ ಬಾಟಲಿ, ಗೇಣುದ್ದವೂ ಇಲ್ಲ. ಆದರೆ ನಾನು ಹೂಂ ಅನ್ನದೆ ನಮ್ಮ ಮೈದಾನದಿಂದ ಒಂದು ವಿಮಾನವೂ ಮೇಲೇಳುತ್ತಿರಲಿಲ್ಲ. ಜಂಬ ಎನ್ನಿ, ನನಗೇನೂ ಬೇಸರವಿಲ್ಲ.

ಕುಲುಮೆಯಲ್ಲಿ ಹುಟ್ಟಿ ಮೊದಲು ಜೇನುತುಪ್ಪ ಹೊತ್ತೆ. ಅದು ಖಾಲಿಯಾದ ಮೇಲೆ ಇಮಾಮಸಾಬ ನದಾಫರು ನನ್ನನ್ನು ತಿಕ್ಕಿ ತೊಳೆದು ಹುಬ್ಬಳ್ಳಿ ಕಡೆಯ ಒಂದು ವಿಮಾನ ತರಬೇತಿ ಶಾಲೆಗೆ ತಂದರು. ಅವರು ಅಲ್ಲಿನ ಮೆಕ್ಯಾನಿಕ್. ದಿನಾ ಬೆಳಿಗ್ಗೆ ರೆಕ್ಕೆಯ ಅಡಿಯ ತಿರುಪು ಸಡಿಲಿಸಿ ಟ್ಯಾಂಕಿನ ತಳದ ಪೆಟ್ರೋಲನ್ನು ನನ್ನೊಳಗೆ ಹಿಡಿಯುತ್ತಿದ್ದರು. ವಿಮಾನದ ಪೆಟ್ರೋಲು ತಿಳಿನೀಲಿ. ಮಳೆನೀರು ಸೇರಿದ್ದರೆ ಅದು ಕೆಳಗೆ ಬೇರೆಯಾಗಿ ನಿಲ್ಲುತ್ತದೆ, ನಡುವೆ ಗೆರೆ ಕಾಣುತ್ತದೆ. ಗೆರೆ ಕಂಡರೆ ವಿಮಾನ ಹಾರುವಂತಿಲ್ಲ.

ಆದರೂ ಒಂದು ಸಲ ನನ್ನಿಂದ ಮೋಸವಾಯಿತು. ಅಂದು ಇಮಾಮಸಾಬರು ರಜೆಯಲ್ಲಿದ್ದರು. ರಾತ್ರಿ ಮಳೆ ಹೊಡೆದು ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಪಾಠ ಹೇಳುವ ಕ್ಯಾಪ್ಟನ್ ಹುಯಿಲಗೋಳರು ಅವಸರದಲ್ಲಿ ನನ್ನನ್ನು ತುಂಬಿಸಿ ಆಕಾಶಕ್ಕೆ ಎತ್ತಿ ಹಿಡಿದರು. ಗೆರೆಯಿಲ್ಲ, ಎಲ್ಲ ನೀಲಿ.

"ಭಾಳ ಛಲೋ ಐತಿ," ಅಂದು ಚೆಲ್ಲಿದರು.

ನನ್ನೊಳಗೆ ಇದ್ದದ್ದೆಲ್ಲ ನೀರು. ನೀಲಿ ಆಕಾಶದ್ದು. ಕೂಗಿ ಹೇಳಲು ನನಗೆ ಬಾಯಿದ್ದೂ ನಾಲಿಗೆಯಿಲ್ಲ. ಕ್ಯಾಪ್ಟನ್ ಒಬ್ಬರೇ ವಿಮಾನ ಹಾರಿಸಿದರು. ಇನ್ನೂರು ಅಡಿ ಏರುವಷ್ಟರಲ್ಲಿ ನೀರು ಎಂಜಿನ್ನಿಗೆ ತಲುಪಿ ಅದು ನಿಂತೇ ಹೋಯಿತು. ವಿಮಾನ ಶೇಂಗಾ ಹೊಲಕ್ಕೆ ಬಿತ್ತು. ಕ್ಯಾಪ್ಟನ್ ಬದುಕಿದರು, ಬಲಗಾಲು ಮಾತ್ರ ಮೊದಲಿನಂತಾಗಲಿಲ್ಲ.

"ಬೆಳ್ಳಗಿರೂದೆಲ್ಲಾ ಹಾಲಲ್ಲ ಅಂತಾರ್ರಿ ಸಾಹೇಬ್ರ. ನೀಲಿ ಇರೂದೆಲ್ಲಾ ಪೆಟ್ರೋಲ್ ಅಲ್ಲ," ಅಂದರು ರಜೆಯಿಂದ ಮರಳಿದ ಇಮಾಮಸಾಬರು. "ಮೈಮ್ಯಾಲೆ ಬಿಳಿ ಅಂಗಿ ಇತ್ತಲ್ರಿ. ಅದರ ಮುಂದ ಹಿಡದಿದ್ರ ಸಾಕಾಗಿತ್ತು."

ಕ್ಯಾಪ್ಟನ್ ತಮ್ಮ ಅಂಗಿಯನ್ನು ನೋಡಿಕೊಂಡರು.

ನಾಲ್ಕು ವರ್ಷದ ನಂತರ ಸುಮಂಗಲಾ ಕಮ್ಮಾರ ಎಂಬ ವಿದ್ಯಾರ್ಥಿನಿ ಮೊದಲ ಸಲ ಒಬ್ಬಳೇ ಹಾರುವ ದಿನ ಬಂತು. ಬೇಲಿಯಾಚೆ ಅವಳ ಅವ್ವ ನಿಂತಿದ್ದಳು. ಹಿಂದಿನ ದಿನವಿಡೀ ಮಳೆ, ಈಗ ಅದೇ ತೊಳೆದ ಆಕಾಶ. ಸುಮಂಗಲಾ ನನ್ನನ್ನು ತುಂಬಿಸಿ ಮೇಲಕ್ಕೆ ಹಿಡಿದಳು. ಮತ್ತೆ ಗೆರೆಯಿಲ್ಲ, ಎಲ್ಲ ನೀಲಿ. ನನ್ನ ಜೀವ ಹಾರಿಹೋಯಿತು.

"ಏ ತಂಗಿ, ಚೆಲ್ಲಬ್ಯಾಡ! ತಡಿ!"

ಕ್ಯಾಪ್ಟನ್ ಕುಂಟುತ್ತಲೇ ಓಡಿ ಬಂದರು. ನನ್ನನ್ನು ಕಸಿದು ತಮ್ಮ ಬಿಳಿ ಅಂಗಿಯ ಎದೆಗೆ ಒತ್ತಿಕೊಂಡರು. ನೀಲಿ ಮಾಯವಾಯಿತು. ಸುಮಂಗಲಾ ಮೂಸಿ ನೋಡಿದಳು, ಪೆಟ್ರೋಲಿನ ವಾಸನೆಯೇ ಇಲ್ಲ. ಕ್ಯಾಪ್ಟನ್ನರ ಎದೆ ಹೊಡೆದುಕೊಳ್ಳುವುದು ನನ್ನ ಗಾಜಿಗೆ ತಿಳಿಯುತ್ತಿತ್ತು.

ಆ ದಿನ ಹನ್ನೊಂದು ಸಲ ನನ್ನನ್ನು ತುಂಬಿ ಚೆಲ್ಲಿದರು. ಹನ್ನೆರಡನೆಯ ಸಲ ಬಿಳಿ ಅಂಗಿಯ ಮುಂದೆಯೂ ನೀಲಿ ಉಳಿಯಿತು. ಇಮಾಮಸಾಬರು ಮಳೆನೀರನ್ನು ಒಳಬಿಟ್ಟಿದ್ದ, ಟ್ಯಾಂಕಿನ ಮುಚ್ಚಳದ ಸವೆದ ರಬ್ಬರು ಬದಲಿಸಿದರು. ಸಂಜೆ ಸುಮಂಗಲಾ ಒಬ್ಬಳೇ ಹಾರಿ ಇಳಿದಳು. ಅವಳ ಅವ್ವ ಬಂದು ಮಗಳ ಮುಖ ಒರೆಸಿ, ನನ್ನನ್ನೂ ಸೆರಗಿನಿಂದ ಒರೆಸಿದಳು. ಅಷ್ಟು ಹೆಮ್ಮೆ ನನಗೆ ಇನ್ನೆಂದೂ ಆಗಿಲ್ಲ.

ಈಗ ಪ್ಲಾಸ್ಟಿಕ್ ಲೋಟಗಳು ಬಂದಿವೆ. ನಾನು ಶೆಡ್ಡಿನ ಕಿಟಕಿಯಲ್ಲಿ ಕೂತಿದ್ದೇನೆ, ಬಾಯಿ ಒಂದು ಕಡೆ ಒಡೆದಿದೆ. ಆದರೂ ಪ್ರತಿ ವರ್ಷ ಹೊಸ ತಂಡ ಬಂದಾಗ ಈಗ ಇಲ್ಲೇ ಪಾಠ ಹೇಳುವ ಕ್ಯಾಪ್ಟನ್ ಸುಮಂಗಲಾ ನನ್ನೊಳಗೆ ನಲ್ಲಿಯ ನೀರು ತುಂಬಿ ಆಕಾಶಕ್ಕೆ ಹಿಡಿಯುತ್ತಾಳೆ.

"ಇದೇನೈತಿ, ಹೇಳ್ರಿ?"

"ಪೆಟ್ರೋಲ್ರೀ ಮೇಡಂ!" ಎಂದು ಎಲ್ಲರೂ ನಗುತ್ತ ಕೂಗುತ್ತಾರೆ.

ಅವಳು ನನ್ನನ್ನು ತನ್ನ ಬಿಳಿ ಅಂಗಿಯ ಮುಂದೆ ತರುತ್ತಾಳೆ. ಎಲ್ಲರ ನಗು ನಿಲ್ಲುತ್ತದೆ. ಎಂಜಿನ್ ನಿಲ್ಲುವುದಕ್ಕಿಂತ ಅದು ವಾಸಿ.