ಟವೆಲ್ ಇಲ್ಲದ ತಲೆ

ಕಲ್ಲು ಇಳಿಯುತ್ತಿದೆ, ಇಳಕಲ್ ಕಡೆಯ ಕೆಂಪು ಗ್ರಾನೈಟ್, ಕ್ರೇನಿನ ತಂತಿಗೆ ಜೋತು ಹಡಗಿನ ಹೊಟ್ಟೆಯೊಳಕ್ಕೆ, ಗೂಡುಸಾಬ ಅಂಚಿನಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದಾನೆ, ನಿಧಾನ, ಇನ್ನೂ ನಿಧಾನ — ಕೆಳಗೆ ಗೆಳೆಯ ನಿಂಗಣ್ಣ ಕಲ್ಲಿನಡಿ ಇಡುವ ಮರದ ತುಂಡು ಸರಿಪಡಿಸುತ್ತ ಬಗ್ಗಿದ್ದಾನೆ, ಏಳೋ, ಯಾಕೆ ಏಳುತ್ತಿಲ್ಲ ಇವನು — ಮೇಲೆ ಕ್ರೇನಿನಲ್ಲಿ ಅಮೀನಪ್ಪ, ಮೊನ್ನೆಯವರೆಗೆ ಬೇರೆ ಕಂಪನಿಯವನು, ಈಗ ಎರಡೂ ಕಂಪನಿ ಒಂದೇ, ಸಾಹೇಬರು ಪಣಜಿಯಲ್ಲಿ ಸಹಿ ಮಾಡಿ ಹಾರ ಹಾಕಿಕೊಂಡರು, ಬೋರ್ಡು ಬದಲಾಯಿತು, ಕೈಸನ್ನೆಯ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ, ಅವರಪ್ಪನ ಗಂಟೇನು ಹೋಗುತ್ತದೆ, ಬಂದರಿನ ಪಕ್ಕದ ಸಡಾದಲ್ಲಿ ರಮಜಾನಬಿಯ ಚಹಾದಂಗಡಿಯಲ್ಲಿ ಎರಡೂ ಕಡೆಯವರು ಕೂಡಿ ಕೂತಾಗ ತಾನೇ ಅದು ಬಯಲಾಗಿದ್ದು, ಗೂಡುಸಾಬ ಮುಷ್ಟಿ ಎತ್ತಿ ನಮ್ಮಲ್ಲಿ ಹಿಂಗಂದ್ರ ನಿಲ್ಲಸು ಎಂದಾಗ ಅಮೀನಪ್ಪ, ಅಯ್ಯ ಮಾರಾಯ, ನಮ್ಮಲ್ಲಿ ಅದು ಇಳಸು ಅಂದಂಗ, ಎಂದಿದ್ದ, ರಮಜಾನಬಿ ಕೆಟಲಿ ಕೆಳಗಿಟ್ಟು ಒಬ್ಬಾಂವ ಸತ್ತ ಮ್ಯಾಲ ಕಲೀತೀರೇನು, ಈಗ ಮಾತಾಡಿ ಮುಗಸ್ರಿ ಎಂದಿದ್ದಳು, ಮಾತಾಯಿತು, ನಿಮ್ದೂ ಬ್ಯಾಡ ನಮ್ದೂ ಬ್ಯಾಡ, ತೆಲಿಗೆ ಸುತ್ತಿದ ಟವೆಲ್ ಕಿತ್ತು ಬೀಸೂದು, ಕಂಡಕೂಡ್ಲೆ ನಿಲ್ಲಸೂದು, ಅಂದಿನಿಂದ ಆ ಟವೆಲ್ಲೇ ಎಲ್ಲರ ಜೀವ ಕಾಯುತ್ತಿದೆ, ಸಾಹೇಬರಿಗೆ ಇದರ ಗಂಧಗಾಳಿಯೂ ಇಲ್ಲ — ಇವತ್ತು ಬೆಳಿಗ್ಗೆ ಸೂಪರ್‌ವೈಸರ್ ಹಳದಿ ಹೆಲ್ಮೆಟ್ ಹಂಚಿದ, ಟವೆಲ್ ನಿಕಾಲೋ, ಪಟ್ಟಾ ಕಸೋ, ಹೊಸದು ಸಿಕ್ಕಿತೆಂದು ಹಿಗ್ಗಿ ಟವೆಲ್ ತೆಗೆದಿಟ್ಟು ಪಟ್ಟಿ ಬಿಗಿದು ಹಾಕಿಕೊಂಡೆವಲ್ಲ, ಒಬ್ಬರಿಗಾದರೂ ಹೊಳೆಯಬಾರದೇ, ಎಂಥ ಮಂಗ್ಯಾಗಳು ನಾವು.

ನಿಂಗಣ್ಣನ ಕಾಲು ಎರಡು ಕಲ್ಲುಗಳ ಸಂದಿಯಲ್ಲಿ ಸಿಕ್ಕಿದೆ, ಅದಕ್ಕೇ ಏಳುತ್ತಿಲ್ಲ, ಎಳೆಯುತ್ತಿದ್ದಾನೆ, ಬರುತ್ತಿಲ್ಲ — ಗೂಡುಸಾಬನ ಮುಷ್ಟಿ ತಾನಾಗಿಯೇ ಮೇಲೆದ್ದಿತು, ವರ್ಷಗಟ್ಟಲೆಯ ರೂಢಿ, ಕಲ್ಲು ದಡದಡ ಕೆಳಗಿಳಿಯಿತು, ಅಯ್ಯೋ ಅದಲ್ಲ, ಅದಲ್ಲ, ಕೈ ತಲೆಗೆ ಹಾರಿತು, ಟವೆಲ್ ಎಲ್ಲಿದೆ, ಬರೀ ಪ್ಲಾಸ್ಟಿಕ್ಕು, ಬೆರಳು ಜಾರುತ್ತಿದೆ, ಪಟ್ಟಿ ಬಿಚ್ಚುತ್ತಿಲ್ಲ, ಯಾ ಅಲ್ಲಾ, ಅಮೀನಪ್ಪಾ ಇತ್ತ ನೋಡೋ, ಟವೆಲ್ ಬ್ಯಾಡ, ಬರೀ ಕೈ ನೋಡೋ, ತೆಲಿ ಮ್ಯಾಲಿನ ಕೈ ನೋಡೋ — ಕಲ್ಲು ನಿಂತಿತು. ನಿಂಗಣ್ಣನ ಬೆನ್ನಿಗೂ ಕಲ್ಲಿಗೂ ನಡುವೆ ಒಂದು ಗೇಣು.

ಸೂಪರ್‌ವೈಸರ್ ಕೂಗುತ್ತಿದ್ದಾನೆ, ಯೇ ಕೌನ್ಸಾ ಸಿಗ್ನಲ್ ಹೈ, ಕಿಸ್ನೇ ಸಿಖಾಯಾ, ಈ ಸನ್ನೆ ಕಲಿಸಿದ್ದು ಯಾರಂತೆ, ಅಮೀನಪ್ಪ ಕ್ರೇನಿನಿಂದ ಇಳಿದು ಬಂದು ಬೆವರೊರೆಸಿಕೊಳ್ಳುತ್ತಿದ್ದಾನೆ, ನಿಂಗಣ್ಣ ಕಾಲು ಬಿಡಿಸಿಕೊಂಡು ಏಣಿ ಹತ್ತಿ ಎದುರಿಗೇ ನಿಂತಿದ್ದಾನೆ, ಕೈ ಇಳಸೋ ಗೂಡ್ಯಾ, ನಾ ಮ್ಯಾಲ ಬಂದೇನಿ, ಇಲ್ಲೆ ನೋಡು, ಎನ್ನುತ್ತಿದ್ದಾನೆ, ಗೂಡುಸಾಬನಿಗೆ ಕೇಳುತ್ತಿದೆ, ಕಾಣುತ್ತಿದೆ, ಆದರೂ ಕೈ ಇಳಿಸಿದರೆ ಕಲ್ಲು ಇಳಿಯುತ್ತದೆ, ಇಳಿಸಿದರೆ ಕಲ್ಲು — ತಲೆಯ ಮೇಲೆ ಕೈ, ಹಳದಿ ಹೆಲ್ಮೆಟ್ಟಿನ ಮೇಲೆ ಕೈ.