ನರ್ಸಮ್ಮನ ಮುಂದಿನ ಚಕ್ರ

ಅಣ್ಣ ಸತ್ತ ಮೇಲೆ ನಾನು ಅಳಲಿಲ್ಲ ಎಂಬುದು ನಮ್ಮ ಬೀದಿಯವರಿಗೆಲ್ಲ ದೊಡ್ಡ ಚಿಂತೆಯಾಗಿತ್ತು. ಪಂಕ್ಚರ್ ಹಾಕಿಸಲು ಬಂದವರು ಟ್ಯೂಬು ನೋಡುವುದು ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಸೋದರತ್ತೆಯಂತೂ ಅಂಗಡಿಗೇ ಬಂದು, ಗಿರಾಕಿಗಳ ಬೆಂಚಿನ ಮೇಲೆ ಕೂತು, "ಅತ್ತುಬಿಡೋ, ಎದೆ ಹಗುರಾಗುತ್ತೆ" ಎಂದರು. ನಾನಾಗ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಿದ್ದೆ. "ಬಂದಾಗ ಹೇಳಿ ಕಳಿಸ್ತೀನಿ ಅತ್ತೆ" ಎಂದೆ. ಅವರು ಮುಖ ಊದಿಸಿಕೊಂಡು ಎದ್ದು ಹೋದರು. ಗುಳ್ಳೆ ವಾಲ್ವಿನ ಬುಡದಲ್ಲಿತ್ತು.

ನಿಜಕ್ಕೂ ನನಗೇನೂ ಆಗುತ್ತಿರಲಿಲ್ಲ. ಬೆಳಿಗ್ಗೆ ಏಳುತ್ತಿದ್ದೆ, ಷಟರ್ ಎತ್ತುತ್ತಿದ್ದೆ, ಗಾಳಿ ಹಾಕುವ ಪಂಪನ್ನು ಹೊರಗೆ ಇಡುತ್ತಿದ್ದೆ, ಸಂಜೆ ಮತ್ತೆ ಒಳಗೆ ಇಡುತ್ತಿದ್ದೆ. ಕಾಲು ಮಡಚಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಮುಟ್ಟಿದರೆ ಬೇರೆ ಯಾರದೋ ಕಾಲು ಅನ್ನಿಸುತ್ತದಲ್ಲ, ಇಡೀ ಮೈ ಹಾಗಿತ್ತು. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಯಾರಾದರೂ ಜೋಕ್ ಹೇಳಿದರೆ ಎಲ್ಲಿ ನಗಬೇಕೋ ಅಲ್ಲಿ ನಗುತ್ತಲೂ ಇದ್ದೆ. ಇದರಲ್ಲಿ ಜನರಿಗೆ ಏನು ತೊಂದರೆ ಎಂದು ನನಗೆ ಅರ್ಥವಾಗುತ್ತಿರಲಿಲ್ಲ.

ಅಂಗಡಿ ಅಪ್ಪ ಇಟ್ಟದ್ದು. ಇಬ್ಬರು ನಿಂತು ಕೆಲಸ ಮಾಡಿದರೆ ಮೂರನೆಯವನು ಉಸಿರು ಬಿಗಿಹಿಡಿದು ನಿಲ್ಲಬೇಕು, ಅಷ್ಟಗಲ. ಛಾವಣಿಯಿಂದ ಹಳೆಯ ಟಯರುಗಳು ನೇತಾಡುತ್ತವೆ. ಎಡಗಡೆ ಗೋಡೆಗೆ ನಟ್ಟು ತಿರುಗಿಸುವ ಪಾನೆಗಳು. ಯಾವುದು ಎಲ್ಲಿರಬೇಕು ಎಂದು ಅಣ್ಣ ಬಣ್ಣದಲ್ಲಿ ಅವುಗಳ ಆಕಾರ ಬರೆದಿಟ್ಟಿದ್ದ. ನಾನು ಬೇಕೆಂದೇ ಅದಲು ಬದಲು ತೂಗುಹಾಕುತ್ತಿದ್ದೆ. ಅವನು ಹೋದ ಮೇಲೆ ಸರಿಯಾದ ಜಾಗಕ್ಕೇ ಹಾಕುತ್ತಿದ್ದೇನೆ, ಬೈಯುವವರಿಲ್ಲದೆ ಅದಲು ಬದಲು ಮಾಡುವುದರಲ್ಲಿ ಏನು ಸುಖ.

ಅಪ್ಪ ಅಂಗಡಿಯ ಜೊತೆಗೆ ಒಂದು ನಿಯಮವನ್ನೂ ಬಿಟ್ಟುಹೋಗಿದ್ದರು. ಚಕ್ರದ ಕೆಲಸದಲ್ಲಿ ಎರಡು ಭಾಗ. ಮೊದಲು ನಡುವಿನ ಹಬ್ಬಿನಿಂದ ಸುತ್ತಲಿನ ರಿಮ್ಮಿಗೆ ಕಡ್ಡಿಗಳನ್ನು ಹೆಣೆಯಬೇಕು, ಅದು ಕಟ್ಟುವುದು. ಆಮೇಲೆ ಸ್ಟ್ಯಾಂಡಿಗೆ ಏರಿಸಿ, ತಿರುಗಿಸಿ, ಒಂದು ಕಡ್ಡಿ ಬಿಗಿ ಮಾಡಿ ಒಂದನ್ನು ಸಡಿಲಿಸಿ, ಚಕ್ರ ಓಲಾಡದೆ ಓಡುವಂತೆ ಮಾಡಬೇಕು, ಅದು ಬೆಂಡ್ ತೆಗೆಯುವುದು. ಕಟ್ಟಿದವನು ಬೆಂಡ್ ತೆಗೆಯಬಾರದು ಎಂಬುದೇ ಅಪ್ಪನ ನಿಯಮ. ಅಣ್ಣ ಕಟ್ಟಿದ್ದನ್ನು ನಾನು ನೋಡಬೇಕು, ನಾನು ಕಟ್ಟಿದ್ದನ್ನು ಅವನು. ಯಾಕೆ ಎಂದು ಕೇಳಿದರೆ, "ಚಕ್ರ ಕೆಟ್ರೆ ಇಬ್ಬರಿಗೂ ಸೇರಿಸಿ ಬೈಬಹುದಲ್ಲ, ಕೆಲಸ ಸುಲಭ" ಎನ್ನುತ್ತಿದ್ದರು.

ಬೆಂಡ್ ತೆಗೆದು ಮುಗಿದ ಮೇಲೆ ಅಣ್ಣ ಚಕ್ರವನ್ನು ಕೊನೆಯ ಸಲ ಜೋರಾಗಿ ತಿರುಗಿಸಿ, ಅಂಗೈಯಿಂದ ತಡೆದು ನಿಲ್ಲಿಸಿ, ಅದೇ ಕರಿ ಕೈಯಿಂದ ನನ್ನ ಎಡಭುಜದ ಹಿಂದೆ ಒಂದು ಏಟು ಹಾಕುತ್ತಿದ್ದ. ಚಕ್ರ ಪಾಸಾಯಿತು ಎಂದರ್ಥ. ನನ್ನ ಶರ್ಟುಗಳಿಗೆಲ್ಲ ಅಲ್ಲೊಂದು ಹಸ್ತದ ಗುರುತು. ಅತ್ತಿಗೆ ಅವನ್ನು ಉಜ್ಜಿ ಉಜ್ಜಿ ಸಾಕಾಗಿ, "ನಿಮ್ಮಿಬ್ಬರಿಗೂ ಗೋಣಿಚೀಲ ಹೊಲಿಸ್ತೀನಿ" ಎಂದು ಗದರುತ್ತಿದ್ದರು. ನನಗೆ ಹೆಂಡತಿಯಿಲ್ಲ; ಅವರ ಮನೆಯೇ ನನ್ನ ಮನೆ, ಅವರ ಬೈಗುಳವೇ ನನ್ನ ಪಾಲಿನದು.

ಹಾಗಾಗಿ ಅಣ್ಣ ಹೋದ ಮೇಲೆ ಅಂಗಡಿಯಿಂದ ಒಂದು ಚಕ್ರವೂ ಆಚೆ ಹೋಗಿರಲಿಲ್ಲ. ಪಂಕ್ಚರ್, ಬ್ರೇಕು, ಚೈನು, ಅಷ್ಟೇ. ಚಕ್ರ ಹಿಡಿದುಕೊಂಡು ಬಂದವರನ್ನು ಬೇರೆ ಕಡೆಗೆ ಕಳಿಸುತ್ತಿದ್ದೆ. ಪಕ್ಕದ ಟೈಲರ್ ಇದನ್ನೆಲ್ಲ ಸೂಜಿಗೆ ದಾರ ಪೋಣಿಸುತ್ತಲೇ ಗಮನಿಸಿದ್ದರು. ಅವರಿಗೆ ಇನ್ನೆರಡು ಮೆಷೀನು ಹಾಕಲು ಜಾಗ ಬೇಕಿತ್ತು. "ಒಬ್ಬರ ಕೈಲಿ ಆಗೋ ಕೆಲಸ ಅಲ್ಲ ಬಿಡಿ ಇದು. ಅಂಗಡಿ ನನಗೆ ಬಿಟ್ಕೊಡಿ" ಎಂದರು. ಆಯಿತು ಎನ್ನಲು ನನಗೆ ಏನೂ ಕಷ್ಟವಿರಲಿಲ್ಲ. ಆದರೆ ಗೋಡೆಯ ಗೂಟದಲ್ಲಿ ಒಂದು ಚಕ್ರ ತೂಗುತ್ತಿತ್ತು. ಅದನ್ನು ಕೊಟ್ಟು ಬಾಗಿಲು ಹಾಕುತ್ತೇನೆ, ಶನಿವಾರ ಹೇಳುತ್ತೇನೆ ಎಂದಿದ್ದೆ. ಅತ್ತಿಗೆಯನ್ನು ಕೇಳಿದಾಗ, "ನಿನ್ನಿಷ್ಟ" ಎಂದು ಸಾರಿಗೆ ಉಪ್ಪು ಹಾಕಿದರು. ಆಮೇಲೆ ಎರಡನೇ ಸಲ ಉಪ್ಪು ಹಾಕಿದರು. ನಾನು ತಿಂದೆ, ಅವರೂ ತಿಂದರು.

ಗೂಟದಲ್ಲಿದ್ದದ್ದು ನರ್ಸಮ್ಮನ ಸೈಕಲ್ಲಿನ ಮುಂದಿನ ಚಕ್ರ. ಅವರು ಮನೆಮನೆಗೆ ಹೋಗಿ ಬಾಣಂತಿಯರನ್ನೂ ಹಾಸಿಗೆ ಹಿಡಿದವರನ್ನೂ ನೋಡುವವರು. ಹಳ್ಳಕ್ಕೆ ಬಿದ್ದು ರಿಮ್ಮು ಸೀಳಿತ್ತು. ಅಣ್ಣ ಹೊಸ ರಿಮ್ಮಿಗೆ ಕಡ್ಡಿ ಹೆಣೆದು ಗೂಟಕ್ಕೆ ಹಾಕಿ, "ತಲೆ ಸಿಡೀತಿದೆ ಕಣೋ, ಮನೆಗೆ ಹೋಗ್ತೀನಿ. ನಾಳೆ ನೀನು ಬೆಂಡ್ ತೆಗಿ" ಎಂದು ಹೋದ. ಬೆಳಿಗ್ಗೆ ಏಳಲಿಲ್ಲ. ಆವತ್ತಿನಿಂದ ಆ ಚಕ್ರವನ್ನು ನಾನು ಮುಟ್ಟಿರಲಿಲ್ಲ. ನೋಡಿಯೂ ಇರಲಿಲ್ಲ ಎನ್ನಿ. ಅಲ್ಲಿ ಇದೆ ಎಂದು ಗೊತ್ತಿತ್ತು.

ಶನಿವಾರ ಬೆಳಿಗ್ಗೆ ನರ್ಸಮ್ಮ ನಡೆದುಕೊಂಡೇ ಬಂದರು. ಒಳ್ಳೆಯ ಹೆಂಗಸು, ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ.

"ನಿಮ್ಮನ್ನ ಅವಸರ ಮಾಡಬಾರದು, ನನಗೂ ಗೊತ್ತಾಗುತ್ತೆ. ಆದ್ರೆ ನಡೆದು ನಡೆದು ನನ್ನ ಕಾಲು ಬಿದ್ದುಹೋಗಿದೆ. ನಿನ್ನೆ ನಾನು ಹೋಗೋ ಅಷ್ಟೊತ್ತಿಗೆ ಮಗು ಹುಟ್ಟೇಬಿಟ್ಟಿತ್ತು. ಆಗಲ್ಲ ಅಂದ್ರೆ ಹೇಳಿ, ಹಾಗೇ ತಗೊಂಡು ಬೇರೆಯವರ ಹತ್ರ ಹೋಗ್ತೀನಿ."

"ಸಂಜೆ ಬನ್ನಿ" ಎಂದೆ.

ಅತ್ತಿಗೆ ಅಣ್ಣನ ಸ್ಟೂಲಿನ ಮೇಲೆ ಕೂತಿದ್ದರು. ಮನೆಯಲ್ಲಿ ಒಬ್ಬರೇ ಇರಲಾಗದೆ ದಿನವೂ ಬಂದು, ಡಬ್ಬಿಯೊಳಗಿನ ನಟ್ಟು ಬೋಲ್ಟುಗಳನ್ನು ಗಾತ್ರದ ಪ್ರಕಾರ ಬೇರೆ ಮಾಡುತ್ತಿದ್ದರು. ಸಂಜೆ ಅವರು ಹೋದ ಮೇಲೆ ನಾನೋ ಗಿರಾಕಿಯೋ ಕೈಯಾಡಿಸಿ ಮತ್ತೆ ಕಲಸುತ್ತಿದ್ದೆವು.

ಚಕ್ರ ಇಳಿಸಿ ಸ್ಟ್ಯಾಂಡಿಗೆ ಹಾಕಿದೆ. ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ರಿಮ್ಮು ಓಲಾಡುವ ಜಾಗದ ಮೇಲಷ್ಟೇ ಕಣ್ಣಿಟ್ಟು ಒಂದೊಂದೇ ಕಡ್ಡಿ ತಿರುಗಿಸುತ್ತಾ ಹೋದೆ. ಅಣ್ಣನ ಕೆಲಸದಲ್ಲಿ ಬೆಂಡ್ ಅಷ್ಟಾಗಿ ಇರುವುದೇ ಇಲ್ಲ. ಈ ಸಲ ಸ್ವಲ್ಪ ಜಾಸ್ತಿಯೇ ಇತ್ತು. ತೆಗೆದೆ. ಟ್ಯೂಬು ಹಾಕಿ, ಟಯರ್ ಏರಿಸಿ, ಅಂಗಡಿಯಲ್ಲೇ ಬಿಟ್ಟಿದ್ದ ನರ್ಸಮ್ಮನ ಸೈಕಲ್ಲಿನ ಚೌಕಟ್ಟಿಗೆ ಸಿಕ್ಕಿಸಿದ್ದ ಅವರದೇ ಕೈಪಂಪನ್ನು, ದಾರಿಯಲ್ಲಿ ಅವರಿಗೆ ಬೇಕಾಗುವುದು ಅದೇ ಎಂದು, ವಾಲ್ವಿಗೆ ಹಿಡಿದೆ. ಪಂಪು ಹೋಗಲಿಲ್ಲ. ಓರೆ ಮಾಡಿದೆ, ಆಗಲೂ ಹೋಗಲಿಲ್ಲ. ಎರಡು ಕಡ್ಡಿಗಳು ವಾಲ್ವಿನ ನೆತ್ತಿಯ ಮೇಲೆಯೇ ಒಂದಕ್ಕೊಂದು ಹತ್ತಿರವಾಗಿ ಅದರ ಕತ್ತು ಹಿಸುಕುವಂತೆ ಕೂತಿದ್ದವು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಕ್ರ ಕಟ್ಟುವಾಗ ವಾಲ್ವಿನ ತೂತು ಎಲ್ಲಿ ಕಡ್ಡಿಗಳು ದೂರ ದೂರ ಇರುತ್ತವೋ ಅಲ್ಲಿಗೆ ಬರಬೇಕು. ಶುರುವಿನಲ್ಲೇ ಕಡ್ಡಿ ಸಿಕ್ಕಿಸುವ ಒಂದು ತೂತು ತಪ್ಪಿದರೆ, ಉಳಿದದ್ದೆಲ್ಲ ಚೊಕ್ಕವಾಗಿ ಬಂದರೂ ಕೊನೆಗೆ ಪಂಪಿಗೆ ಜಾಗವಿರುವುದಿಲ್ಲ. ಕಲಿಯುವವರು ಮಾಡುವ ತಪ್ಪು ಇದು. ನಾನು ಕಟ್ಟಿದ ಮೊದಲನೇ ಚಕ್ರದಲ್ಲಿ ಇದನ್ನೇ ಮಾಡಿದ್ದೆ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕು, ಅಷ್ಟೂ ಕಡ್ಡಿ ಬಿಚ್ಚಿಸಿ, ಅವತ್ತೇ ನನಗೆ 'ವಾಲ್ವ್' ಎಂದು ಹೆಸರಿಟ್ಟ. ನನ್ನ ಮೀಸೆ ಬೆಳ್ಳಗಾದರೂ ಆ ಹೆಸರು ಹೋಗಲಿಲ್ಲ. ಈ ಬೀದಿಯಲ್ಲಿ ನನ್ನ ನಿಜವಾದ ಹೆಸರು ಗೊತ್ತಿರುವವರು ಕಡಿಮೆ. ಟೈಲರ್ ಅಂತೂ 'ವಾಲ್ವಪ್ಪನವರೇ' ಎಂದೇ ಮರ್ಯಾದೆ ಕೊಟ್ಟು ಕರೆಯುತ್ತಾರೆ.

ಈಗ ನೋಡಿದರೆ ಅಣ್ಣನೇ ವಾಲ್ವ್.

ನನಗೆ ನಗು ಬಂತು. ಎಲ್ಲಿ ನಗಬೇಕೋ ಅಲ್ಲಿ ನಗುವ ನಗುವಲ್ಲ, ಒಳಗಿಂದ ಬಂದದ್ದು. ಆಯುಷ್ಯವೆಲ್ಲ ಕಾದಿದ್ದ ಅವಕಾಶ ಇದು. "ಏನಪ್ಪಾ ಮೇಸ್ತ್ರಿ, ಈಗ ಯಾರೋ ವಾಲ್ವ್?" ಎನ್ನಲು ಬಾಯಿ ತೆರೆದು ಸ್ಟೂಲಿನ ಕಡೆ ತಿರುಗಿದೆ. ಅಲ್ಲಿ ಅತ್ತಿಗೆ ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಈ ಜೋಕು ಅರ್ಥವಾಗುವವನು ಇಡೀ ಪ್ರಪಂಚದಲ್ಲಿ ಅವನೊಬ್ಬನೇ ಇದ್ದ.

"ಏನಾಯ್ತೋ?" ಎಂದರು ಅತ್ತಿಗೆ.

ತೋರಿಸಿದೆ. ಅವರು ಹತ್ತಿರ ಬಂದು, ಪಂಪನ್ನು ತಾವೇ ಹಿಡಿದು ನೋಡಿದರು.

"ಅವರು ಹೀಗೆ ಮಾಡೋರಲ್ಲ."

"ಅವತ್ತು ತಲೆನೋವು ಅಂದಿದ್ದ ಅತ್ತಿಗೆ."

ಅಷ್ಟು ಸಾಕಾಯಿತು. ಇಬ್ಬರಿಗೂ ಒಂದೇ ವಿಷಯ ಒಂದೇ ಸಲ ಹೊಳೆಯಿತು. ಇಲ್ಲಿ ಕೂತು ಕಡ್ಡಿ ಹೆಣೆಯುತ್ತಿರುವಾಗಲೇ ಅವನ ತಲೆಯೊಳಗೆ ಏನೋ ಕಳಚಿಕೊಳ್ಳುತ್ತಿತ್ತು. ಅತ್ತಿಗೆ ರಿಮ್ಮಿನ ಸುತ್ತ ನಿಧಾನಕ್ಕೆ ಬೆರಳಾಡಿಸಿದರು.

"ಬಿಚ್ಚಲೇಬೇಕಾ? ಅವರ ಕೈಯಲ್ಲಿ ಆಗಿದ್ದು ಇದೇ ಕೊನೆ."

ಬೇರೆ ಚಕ್ರವನ್ನೇ ಕಟ್ಟಿಕೊಟ್ಟು ಇದನ್ನು ಗೂಟದಲ್ಲೇ ಬಿಡಬಹುದಿತ್ತು. ಹಾಗೆ ಹೇಳಲು ಹೊರಟೆ ಕೂಡ. ಅಷ್ಟರಲ್ಲಿ ಅವರೇ, "ಅವರಿದ್ದಿದ್ರೆ ಏನ್ ಮಾಡ್ತಿದ್ರು?" ಎಂದರು.

"ಬೈದು ಬಿಚ್ಚಿಸ್ತಿದ್ದ."

"ಮತ್ತೇನು ನೋಡ್ತಾ ಕೂತಿದೀಯ" ಎಂದು ಕಡ್ಡಿ ಬಿಚ್ಚುವ ಕೀಲಿಯನ್ನು ಕೈಗಿಟ್ಟರು.

ಬಿಚ್ಚಿದೆ. ಅಣ್ಣನ ಹೆಣಿಗೆ ನೆಲದ ಮೇಲೆ ಕಡ್ಡಿಗಳ ರಾಶಿಯಾಯಿತು. ಅವೇ ಕಡ್ಡಿ, ಅದೇ ಹಬ್ಬು, ಅದೇ ರಿಮ್ಮು ಹಿಡಿದು ಮೊದಲಿನಿಂದ ಕಟ್ಟಿದೆ. ಈ ಸಲ ವಾಲ್ವಿನ ತೂತಿಗೆ ಹೊಸಬನ ಹಾಗೆ ಬೆರಳಿಟ್ಟು ಎಣಿಸಿಕೊಂಡೆ. ಅತ್ತಿಗೆ ಒಂದೊಂದೇ ಕಡ್ಡಿ ಎತ್ತಿ ಕೊಟ್ಟರು. ಊಟದ ಡಬ್ಬಿಯನ್ನು ಇಬ್ಬರೂ ಮರೆತೆವು.

ಕಟ್ಟಿ ಮುಗಿಸಿ ಸ್ಟ್ಯಾಂಡಿಗೆ ಏರಿಸಿದ ಮೇಲೆ ನನ್ನ ಕೈ ನಿಂತಿತು. ಕಟ್ಟಿದವನು ನಾನು. ಬೆಂಡ್ ತೆಗೆಯುವವರು ಯಾರು? ನಿಯಮ ಗಿಯಮ ಎಂದು ಕೂತರೆ ನರ್ಸಮ್ಮ ಇನ್ನೂ ನಡೆಯಬೇಕು. ನಾನೇ ತೆಗೆದರೆ ಯಾರು ಕೇಳುತ್ತಾರೆ, ಅಪ್ಪ ಬರುತ್ತಾರೆಯೇ, ಅಣ್ಣ ಬರುತ್ತಾನೆಯೇ? ಆದರೂ ಕೈ ಏಳಲಿಲ್ಲ. ಟೈಲರ್ ಹೇಳಿದ್ದು ಸರಿ ಅನ್ನಿಸಿತು. ಒಬ್ಬನ ಅಂಗಡಿ ಇದಲ್ಲ.

"ಆ ಕಡೆ ಸರಿ" ಎಂದರು ಅತ್ತಿಗೆ. ಸ್ಟೂಲನ್ನು ಕಾಲಿನಿಂದಲೇ ಎಳೆದುಕೊಂಡು ಸ್ಟ್ಯಾಂಡಿನ ಮುಂದೆ ಕೂತರು.

"ನಿಮಗೆ ಬರುತ್ತಾ?"

"ದಿನಾ ಊಟದ ಡಬ್ಬಿ ತಂದು, ನಿಮ್ಮ ಕೆಲಸ ಮುಗಿಯೋವರೆಗೂ ಇಲ್ಲೇ ನಿಂತಿರ್ತಿದ್ದೆ. ಕಣ್ಣು ಮುಚ್ಕೊಂಡು ನಿಂತಿದ್ನಾ?"

ಬರುತ್ತದೆ ಎಂದು ಸುಳ್ಳು ಹೇಳಲಾರೆ. ಬಿಗಿ ಮಾಡಬೇಕಾದಲ್ಲಿ ಸಡಿಲಿಸಿದರು, ಇದ್ದ ಬೆಂಡನ್ನು ಇನ್ನೊಂದು ಕಡೆಗೆ ಸಾಗಹಾಕಿದರು. ನಾಲಿಗೆ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಚಕ್ರಕ್ಕೆ ಮೂಗು ತಾಗುವಷ್ಟು ಬಗ್ಗಿ ಕೂತರು. "ಪಕ್ಕದ್ದನ್ನೂ ಅರ್ಧ ಸುತ್ತು ಸಡಿಲ ಮಾಡಿ" ಎಂದರೆ, "ಸುಮ್ನಿರು, ನನಗೆ ಕಾಣುತ್ತೆ" ಎಂದು ಬಾಯಿ ಮುಚ್ಚಿಸಿದರು. ಕೈಗೆಲ್ಲ ಎಣ್ಣೆ, ಮಸಿ. ನರ್ಸಮ್ಮ ಬಂದು ಬೆಂಚಿನ ಮೇಲೆ ಕೂತರು. ಅತ್ತಿಗೆ ತಲೆಯೆತ್ತಲಿಲ್ಲ.

ಟೈಲರ್ ಕೊರಳಿಗೆ ಟೇಪು ಹಾಕಿಕೊಂಡೇ ಬಾಗಿಲಿಗೆ ಬಂದು ನಿಂತರು. "ಶನಿವಾರ ಅಂದಿದ್ರಿ. ಏನು ತೀರ್ಮಾನ ಮಾಡಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ, "ಬೆಳಕಿಗೆ ಅಡ್ಡ ನಿಂತಿದೀರಿ, ಸ್ವಲ್ಪ ಪಕ್ಕಕ್ಕೆ ಸರೀರಿ" ಎಂದರು.

ಟೈಲರ್ ಸರಿದರು. ಆಮೇಲೆ ಮತ್ತೆ ಕೇಳಲಿಲ್ಲ. ಹೋಗಲೂ ಇಲ್ಲ, ಬಾಗಿಲ ಪಕ್ಕದಲ್ಲೇ ನಿಂತು ನೋಡಿದರು.

ಬಹಳ ಹೊತ್ತಾಯಿತು. ಕೊನೆಗೆ ಅತ್ತಿಗೆ ಚಕ್ರವನ್ನು ಜೋರಾಗಿ ತಿರುಗಿಸಿದರು. ಕೂದಲೆಳೆಯಷ್ಟು ಬೆಂಡ್ ಉಳಿದಿತ್ತು. ಅಣ್ಣನಾಗಿದ್ದರೆ ಬಿಡುತ್ತಿರಲಿಲ್ಲ, ಆದರೆ ದಾರಿಗೆ ಸಾಕಿತ್ತು. ಅವರು ಅಂಗೈಯಿಂದ ತಡೆದು ಚಕ್ರ ನಿಲ್ಲಿಸಿದರು. ಎದ್ದು ನಿಂತು ಕೈ ನೋಡಿಕೊಂಡರು. ಅಂಗೈಯೆಲ್ಲ ಕಪ್ಪು. ಒರೆಸಲು ಬಟ್ಟೆ ಹುಡುಕುವವರಂತೆ ಅತ್ತ ಇತ್ತ ನೋಡಿದರು. ಬಟ್ಟೆ ಎದುರಿಗೇ ಇತ್ತು.

ನಾನು ಅವರಿಗೆ ಬೆನ್ನು ಮಾಡಿ ನಿಂತೆ.

ನಾಚಿಕೆಯಾಗಿ ಇನ್ನೇನು ತಿರುಗಬೇಕು, ಅಷ್ಟರಲ್ಲಿ ಎಡಭುಜದ ಹಿಂದೆ ಏಟು ಬಿತ್ತು. ಅಣ್ಣನ ಏಟಿನಷ್ಟು ಜೋರಿಲ್ಲ, ಕೈಯೂ ಚಿಕ್ಕದು. ಆದರೆ ತಟ್ಟಿದ್ದು ಗೊತ್ತಾಯಿತು. ಎಷ್ಟೋ ದಿನಗಳ ಮೇಲೆ ನನ್ನ ಮೈಗೆ ಗೊತ್ತಾದದ್ದು ಅದೊಂದೇ. ಅತ್ತಿಗೆ ಕೈ ತೆಗೆಯಲಿಲ್ಲ.

ನಾನು ಅತ್ತುಬಿಟ್ಟೆ. ಬೀದಿಯವರೆಲ್ಲ ಕಾದಿದ್ದಷ್ಟೂ ಅತ್ತೆ, ಟೈಲರ್ ಮುಂದೆ, ನರ್ಸಮ್ಮನ ಮುಂದೆ, ಮೂಗು ಒರೆಸಿಕೊಳ್ಳಲು ಕೈಯಲ್ಲಿ ಗ್ರೀಸು ಬಿಟ್ಟು ಬೇರೇನೂ ಇಲ್ಲದೆ. ಅಳುತ್ತಲೇ ಟ್ಯೂಬು ಹಾಕಿದೆ, ಅಳುತ್ತಲೇ ಟಯರ್ ಏರಿಸಿದೆ. ನರ್ಸಮ್ಮ ತಮ್ಮ ಪಂಪು ತೆಗೆದುಕೊಂಡು, ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು, ತಾವೇ ಗಾಳಿ ಹಾಕಿಕೊಂಡರು. ಪಂಪಿಗೆ ಬೇಕಾದಷ್ಟು ಜಾಗವಿತ್ತು.